ತೌಡಿಗೆ ಕೊಂಡ ಕೂಸು

ಜೂನ್ 10, 1974. ದೊಡ್ಡಬಳ್ಳಾಪುರ

ಕೈ ಕಟ್ಟಿಕೊಂಡು ಕೂರುವುದಕ್ಕೆ ಯಾರಾದರೂ ಇಷ್ಟು ವರ್ಷ ಡಾಕ್ಟರಿಕೆ ಓದುತ್ತಾರೆಯೆ? ನಾನು ಓದಿದ್ದೇನೆ. ಇವತ್ತು ಬೆಳಗಿನಿಂದ ಮಾಡಿದ ಕೆಲಸ ಅದೊಂದೇ.

ದಯಾಮಣಿ ಡಾಕ್ಟರು ಗಾಜಿನ ಕೋಣೆಯೊಳಗೆ ಕರೆದುಕೊಂಡು ಹೋಗಿ ಒಂದು ಸ್ಟೂಲು ತೋರಿಸಿದರು. "ಕೂತ್ಕೊಳ್ಳಿ ಮುನಿಶಾಮಪ್ಪ. ಮುಟ್ಟಬೇಡಿ. ಒಂದು ಗಂಟೆ ಆದ್ಮೇಲೆ ಬಂದು ಕೇಳ್ತೀನಿ, ಏನು ನೋಡಿದ್ರಿ ಅಂತ." ಎದುರಿಗೆ ಮರದ ಚೌಕಟ್ಟಿನ ಎರಡು ಪೆಟ್ಟಿಗೆಗಳು, ಮೇಲೆ ಗಾಜು, ಅಡಿಯಲ್ಲಿ ಕಾವಿಗೆಂದು ಹೊತ್ತಿಸಿಟ್ಟ ಬಲ್ಬುಗಳು. ಮೊದಲನೆಯದರೊಳಗೆ ದಿನ ತುಂಬದೆ ಹುಟ್ಟಿದ ಒಂದು ಕೂಸು. ಅದರ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾಗಿತ್ತು.

ಗಂಟೆಯಾದ ಮೇಲೆ ಬಂದು ಕೇಳಿದರು. "ಉಸಿರಾಡ್ತಾ ಇದೆ ಡಾಕ್ಟರ್" ಎಂದೆ.

"ಅದು ನನಗೆ ಬಾಗಿಲಿಂದಲೇ ಕಾಣ್ತಿತ್ತು. ಇನ್ನೊಂದು ಗಂಟೆ ಕೂತ್ಕೊಳ್ಳಿ."

ಬೆಂಗಳೂರಿನಲ್ಲಿ ಮಕ್ಕಳ ವೈದ್ಯದ ಡಿಪ್ಲೊಮಾ ಮಾಡುವಾಗ ಇಂಥ ಕೂಸುಗಳನ್ನು ಹತ್ತಿಯಲ್ಲಿ ಸುತ್ತಿ ವಾರ್ಡಿನ ಮೂಲೆಯಲ್ಲಿ ಇಡುತ್ತಿದ್ದರು. ಬದುಕಿದರೆ ಬದುಕಲಿ ಎಂಬ ಹಾಗೆ. ನಾನು ದಿನವೂ ಆ ಮೂಲೆಗೆ ಹೋಗಿ ನಿಂತು ಬರುತ್ತಿದ್ದೆ, ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅದನ್ನು ಕಲಿಸುವ ಕಾಲೇಜು ನನಗಂತೂ ಎಲ್ಲೂ ಸಿಗಲಿಲ್ಲ. ದಯಾಮಣಿ ಡಾಕ್ಟರು ಇಂಗ್ಲೆಂಡಿನಲ್ಲಿ ಇಂಥ ಕೂಸುಗಳಿಗೆಂದೇ ಇರುವ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ಇಲ್ಲಿನ ಸೀರೆ ವ್ಯಾಪಾರಿಯೊಬ್ಬರು ತಾಯಿಯ ನೆನಪಿಗೆ ಕಟ್ಟಿಸಿದ ಹೆರಿಗೆ ಆಸ್ಪತ್ರೆಯಲ್ಲಿ ಅವರಿಗೆ ಈ ಗಾಜಿನ ಕೋಣೆ ಸಿಕ್ಕಿದೆ. ಒಂದು ಸಲಕ್ಕೆ ಒಬ್ಬರಿಗೆ ಕಲಿಸುತ್ತಾರೆ. ಪರೀಕ್ಷೆಯಿಲ್ಲ. "ಕೋಣೆ ನಿಮ್ಮ ಕೈಗೆ ಬಿಡಬಹುದು ಅಂತ ನನಗೆ ಅನ್ನಿಸೋವರೆಗೂ ಇರಿ. ಅನ್ನಿಸದೇ ಇದ್ರೆ ಬಸ್ ಸ್ಟ್ಯಾಂಡ್ ಹತ್ತಿರದಲ್ಲೇ ಇದೆ."

ಆಸ್ಪತ್ರೆಯ ಹಿಂದೆ ನನಗೊಂದು ಕೋಣೆ. ಸುತ್ತಲೂ ನೇಕಾರರ ಮನೆಗಳು, ಮಗ್ಗಗಳ ಕಟಕಟ. ಮಾತಿಗೆ ಮಾತ್ರ ಯಾರೂ ಇಲ್ಲ. ಮಾತಿಲ್ಲದೆ ನನಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಈ ಬರಹ.

ಜೂನ್ 16, ಭಾನುವಾರ

ರಜೆ. ಬಸ್ ಸ್ಟ್ಯಾಂಡಿನವರೆಗೂ ನಡೆದು ಹೋದೆ. ನೆಲಮಂಗಲದ ಬಸ್ಸು ನಿಂತಿತ್ತು. "ಹತ್ತು ಗುರು, ಸೀಟೈತೆ" ಎಂದ ಕಂಡಕ್ಟರು. ಹತ್ತಿದರೆ ನಮ್ಮೂರ ಗೇಟಿನಲ್ಲಿ ಇಳಿಯಬಹುದು. ಇಳಿದು ಯಾರ ಮನೆಗೆ ಹೋಗಲಿ? ನನ್ನನ್ನು ಸಾಕಿ, ಉಣ್ಣಿಸುವಾಗಲೆಲ್ಲ ತುತ್ತಿಗೊಂದು ಕಥೆ ಹೇಳಿದ ಸಪ್ಪಲಮ್ಮಜ್ಜಿ ಹೋದ ವರ್ಷ ತೀರಿಕೊಂಡಳು.

"ಇಲ್ಲಪ್ಪ, ಸುಮ್ನೆ ನೋಡಕ್ಕೆ ಬಂದೆ."

"ಏನ್ ನೋಡಕ್ಕೆ, ಬಸ್ಸಾ?" ಎಂದು ನಕ್ಕು ಸೀಟಿ ಊದಿದ.

ಇವತ್ತು ನನ್ನೊಂದಿಗೆ ಮಾತಾಡಿದವನು ಅವನೊಬ್ಬನೇ. ಒಳ್ಳೆಯವನು.

ಜೂನ್ 20

ಅಮಾವಾಸ್ಯೆ. ಮಗ್ಗಗಳಿಗೆ ರಜೆ. ಊರೆಲ್ಲ ಸದ್ದಡಗಿದಾಗ ಮೊಟ್ಟಮೊದಲ ಸಲ ಕೂಸಿನ ಉಸಿರು ಕಿವಿಗೆ ಬಿತ್ತು. ಕೇಳುತ್ತಾ ಕೂತಿದ್ದೆ, ಒಮ್ಮೆಲೇ ನಿಂತುಹೋಯಿತು. ನಾನು ಗಾಬರಿಯಿಂದ ಎದ್ದ ಹೊಡೆತಕ್ಕೆ ಸ್ಟೂಲು ಬಿತ್ತು. ದಯಾಮಣಿ ಡಾಕ್ಟರು ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ ಕೂಸಿನ ಅಂಗಾಲಿಗೆ ಬೆರಳಲ್ಲಿ ಮೆಲ್ಲಗೆ ಚಿಮ್ಮಿದರು. ಅದು ಮುಖ ಸಿಂಡರಿಸಿ ಮತ್ತೆ ಉಸಿರೆಳೆಯಿತು.

ದಿನ ತುಂಬದ ಕೂಸುಗಳು ಹೀಗೆ ಉಸಿರಾಡುವುದನ್ನೇ ಮರೆತುಬಿಡುತ್ತವಂತೆ. ಕಾಯುತ್ತಾ ಕೂತವರು ನೆನಪಿಸಬೇಕು. ಪದೇ ಪದೇ ಕೈ ಹಾಕಿದರೆ ಪೆಟ್ಟಿಗೆಯ ಕಾವು ಹೋಗುತ್ತದೆ. ಅದಕ್ಕೆ ಡಾಕ್ಟರು ಒಂದು ಉಪಾಯ ಮಾಡಿದ್ದಾರೆ. ಪಕ್ಕದ ಮಗ್ಗದವರಿಂದ ತಂದ ರೇಷ್ಮೆ ದಾರವನ್ನು ಕೂಸಿನ ಪಾದಕ್ಕೆ ಸುತ್ತಿದ ಬಟ್ಟೆಗೆ ಸಡಿಲವಾಗಿ ಕಟ್ಟಿ, ಇನ್ನೊಂದು ತುದಿಯನ್ನು ಕಿಂಡಿಯಿಂದ ಹೊರಗೆ ತಂದು ನನ್ನ ಕೈಗೆ ಕೊಟ್ಟರು. ಎದೆ ಆಡದಿದ್ದರೆ ದಾರ ಜಗ್ಗಬೇಕು.

ಜಗ್ಗಿದೆ.

"ಮೆಲ್ಲಗೆ! ಬಾವಿಯಿಂದ ಕೊಡ ಎತ್ತುತ್ತಾ ಇಲ್ಲ ನೀವು."

ಆಯಾ ಮಾರಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಪರವಾಗಿಲ್ಲ, ನಗುವವರಾದರೂ ಒಬ್ಬರಿದ್ದಾರೆ.

ಜುಲೈ 4

ಹುಟ್ಟಿದ ಕೂಡಲೇ ಉಸಿರೆಳೆಯದ ಕೂಸಿಗೆ ಬಾಯಿಂದ ಗಾಳಿ ಕೊಡುವುದನ್ನು ಕಲಿಸುತ್ತಿದ್ದಾರೆ. ನಾನು ಎದೆತುಂಬ ಉಸಿರು ಎಳೆದುಕೊಂಡದ್ದನ್ನು ನೋಡಿ, "ಒಲೆ ಊದೋ ಅಭ್ಯಾಸವೋ?" ಎಂದರು. ಕೆನ್ನೆಯೊಳಗೆ ಎಷ್ಟು ಗಾಳಿ ಹಿಡಿಯುತ್ತದೋ ಅಷ್ಟೇ ಸಾಕಂತೆ. ಅದಕ್ಕಿಂತ ಹೆಚ್ಚಾದರೆ ಪುಟ್ಟ ಶ್ವಾಸಕೋಶ ಒಡೆದುಹೋಗುತ್ತದೆ. ಈಗ ನನ್ನ ಮುಂದೆ ದೀಪ ಹಚ್ಚಿಟ್ಟಿದ್ದಾರೆ. ಊದಿದರೆ ಕುಡಿ ಬಾಗಬೇಕು, ಆರಬಾರದು. ಆರಿಸುತ್ತಲೇ ಇದ್ದೇನೆ. ಬೆಂಕಿಪೊಟ್ಟಣ ಮುಗಿಯುತ್ತಾ ಬಂತು.

ಆಮ್ಲಜನಕವೂ ಹಾಗೆಯೇ. ಕಡಿಮೆಯಾದರೆ ಕೂಸು ನೀಲಿಯಾಗುತ್ತದೆ, ಹೆಚ್ಚಾದರೆ ಕಣ್ಣು ಹೋಗುತ್ತದೆ. ಇಂಗ್ಲೆಂಡಿನಲ್ಲಿ ಹಾಗೆ ಬದುಕಿ ಕುರುಡಾದ ಮಕ್ಕಳನ್ನು ನೋಡಿದ್ದಾರಂತೆ. "ಪ್ರೀತಿಯಿಂದಲೇ ಜಾಸ್ತಿ ಕೊಟ್ಟಿದ್ರು" ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು.

ಜುಲೈ 15

ಹೊರಗಿನವರು ಬಂದರೆ ಕೂಸಿಗೆ ಸೋಂಕು ತಗಲುತ್ತದೆ. ಮೊಣಕೈವರೆಗೆ ಕೈ ತೊಳೆದು ಗೌನು ತೊಟ್ಟ ಕೆಲಸದವರು ಮಾತ್ರ ಒಳಗೆ, ತಾಯಂದಿರು ಗಾಜಿನ ಆಚೆ. ಇದು ಸರಿಯಾದ ನಿಯಮ. ಇಂಗ್ಲೆಂಡಿನಲ್ಲೂ ಹೀಗೆಯೇ ಅಂತೆ. ಆದರೆ ಅವರು ಹಾಗೆ ನಿಂತು ನೋಡುತ್ತಿದ್ದರೆ ನನಗೆ ಕೂಸಿನ ಮೇಲೆ ಗಮನ ನಿಲ್ಲುವುದಿಲ್ಲ. ಇವತ್ತು ಗಾಜಿಗೆ ಪರದೆ ಎಳೆದೆ. ಈಗ ಚೆನ್ನಾಗಿದೆ.

ಜುಲೈ 23

ಮೊದಲನೇ ಪೆಟ್ಟಿಗೆಯ ಕೂಸು ತೀರಿಹೋಯಿತು.

ಜುಲೈ 24

ಏನಿಲ್ಲ.

ಆಗಸ್ಟ್ 5

ರಾಜಘಟ್ಟದಿಂದ ಗಾಡಿಯಲ್ಲಿ ಬಂದ ಹೆಂಗಸಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಸರು ಅಂಜನಮ್ಮ. ಹೆಣ್ಣು ಕೂಸು, ಒಂದೂಕಾಲು ಕಿಲೋ. ಹುಟ್ಟಿದಾಗ ಉಸಿರಿರಲಿಲ್ಲ. ದಯಾಮಣಿ ಡಾಕ್ಟರು ನನ್ನ ಕಡೆ ನೋಡಿದರು. ಕೆನ್ನೆಯಷ್ಟು ಗಾಳಿ, ಮತ್ತೆ ಕೆನ್ನೆಯಷ್ಟು. ದೀಪ ಬಾಗುವ ಹಾಗೆ ಅದರ ಎದೆ ಎದ್ದಿತು. ಆಮೇಲೆ ತಾನೇ ಎಳೆದುಕೊಂಡಿತು.

"ಆರಿಸಲಿಲ್ಲ" ಎಂದರು ಡಾಕ್ಟರು. ಅಷ್ಟೇ.

ಈ ಅಂಜನಮ್ಮನಿಗೆ ಇದಕ್ಕೂ ಮುಂಚೆ ಎರಡು ಕೂಸುಗಳು ಹುಟ್ಟಿ ಹೋಗಿವೆಯಂತೆ. ತನ್ನ ಹಾಲನ್ನು ಸ್ಟೀಲಿನ ಲೋಟದಲ್ಲಿ ಹಿಂಡಿ ಕಿಟಕಿಯಲ್ಲಿ ಇಡುತ್ತಾಳೆ. ನಾನು ಅದನ್ನು ಎರಡನೇ ಪೆಟ್ಟಿಗೆಯಲ್ಲಿರುವ ಕೂಸಿನ ಮೂಗಿನ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತೇನೆ.

ಆಗಸ್ಟ್ 7

ಕೋಲಾರದಲ್ಲಿ ದಯಾಮಣಿ ಡಾಕ್ಟರ ಅಕ್ಕನಿಗೆ ಕಾಯಿಲೆ ಜೋರಾಗಿದೆ. ಬೆಳಿಗ್ಗೆ ಹೊರಟರು. ಯಾವಾಗ ಬರುತ್ತಾರೋ ಗೊತ್ತಿಲ್ಲ. "ಎರಡನೇ ಪೆಟ್ಟಿಗೆ ಕೂಸನ್ನ ನೋಡ್ಕೊಳ್ಳಿ. ನಿಯಮ ಮುರೀಬೇಡಿ" ಎಂದರು. ಕೋಣೆ ನನ್ನ ಕೈಗೆ ಬಂತು. ಇದೇ ಪರೀಕ್ಷೆ ಇರಬೇಕು. ನನಗೆ ಸಂತೋಷವಾಗಬೇಕಿತ್ತು.

ಆಗಸ್ಟ್ 9

ಇವತ್ತು ನಾನೊಂದು ಕೂಸು ಕೊಂಡೆ. ಅಜ್ಜಿ ಇದ್ದಿದ್ದರೆ ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದಳು.

ಕೂಸು ಎರಡು ಸಲ ಉಸಿರು ಮರೆಯಿತು. ದಾರ ಜಗ್ಗಿ ನೆನಪಿಸಿದೆ. ಪರದೆಯ ಸಂದಿಯಿಂದ ಅಂಜನಮ್ಮ ಅದನ್ನು ನೋಡಿದ್ದಾಳೆ. ಸ್ವಲ್ಪ ಹೊತ್ತಿಗೆ ಅವಳ ಅತ್ತೆ ಮುನಿತಾಯಮ್ಮ ಕಂಕುಳಲ್ಲಿ ಒಂದು ಮೊರ ಇಟ್ಟುಕೊಂಡು ಬಾಗಿಲ ಹತ್ತಿರ ಬಂದಳು.

"ಏನಪ್ಪಾ ಡಾಕ್ಟ್ರೇ, ನಿಂಗೆ ಹೆಂಡ್ರು ಮಕ್ಳು?"

"ಇಲ್ಲ ಕಣಮ್ಮ."

"ಅಪ್ಪ ಅವ್ವ?"

"ಇಲ್ಲ."

"ಅಣ್ಣ ತಮ್ಮ, ಅಕ್ಕ ತಂಗಿ?"

"ಯಾರೂ ಇಲ್ಲಮ್ಮ."

ಮುದುಕಿಯ ಮುಖ ಅರಳಿತು. ನನಗೆ ಯಾರೂ ಇಲ್ಲವೆಂದು ಕೇಳಿ ಇಷ್ಟು ಖುಷಿಪಟ್ಟವರನ್ನು ನಾನು ಇದುವರೆಗೆ ನೋಡಿಲ್ಲ.

"ಹಂಗಾದ್ರೆ ನೀನೇ ಸರಿ. ಈ ಕೂಸನ್ನ ಕೊಂಡ್ಕೋ. ನಮ್ಮ ಮನೆ ದಾರಿ ಜವರಾಯಂಗೆ ಬಾಯಿಪಾಠ ಆಗ್ಬುಟ್ಟೈತೆ. ಎರಡು ಸಲ ಬಂದು ಎರಡು ಕೂಸು ಎತ್ಕೊಂಡು ಹೋದ. ಇದು ನಮ್ದಲ್ಲ ಅಂತಾದ್ರೆ ಬಂದೋನು ಬರಿಗೈಲಿ ಹೋಯ್ತಾನೆ. ಯಾರೂ ಇಲ್ದೋನ ಹತ್ರ ಕೂಸು ಇರ್ತದೆ ಅಂತ ಅವನಿಗೆ ಹೊಳೆಯಾಕಿಲ್ಲ."

ನಮ್ಮೂರಲ್ಲೂ ಇದು ಇತ್ತು. ಕೂಸು ಉಳಿಯದ ಮನೆಯವರು ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ಬೇರೆಯವರಿಗೆ ತೌಡಿಗೆ ಮಾರುತ್ತಿದ್ದರು. ತೌಡೆಂದರೆ ಭತ್ತ ಕುಟ್ಟಿದಾಗ ಉಳಿಯುವ ಪುಡಿ, ದನದ ಮೇವು. ಅಷ್ಟು ಅಗ್ಗದ ಕೂಸು ಯಾರಿಗೆ ಬೇಕು ಎಂದು ಜವರಾಯ ಬಿಟ್ಟು ಹೋಗಲಿ ಎಂಬ ಉಪಾಯ. ಮುದುಕಿಯ ಹಿಂದೆ ನಿಂತಿದ್ದ ಅಂಜನಮ್ಮನ ಕಣ್ಣು ನೋಡಿದೆ. ಇದರಿಂದ ಅವಳಿಗೆ ಒಂದು ಹೊತ್ತು ನಿದ್ದೆ ಬಂದರೆ ನನ್ನದೇನು ಹೋಗುತ್ತದೆ ಎನ್ನಿಸಿತು.

ಮಾರಕ್ಕ ತನ್ನ ಮನೆಯಿಂದ ತೌಡು ತಂದಳು. ಕೂಸನ್ನು ಪೆಟ್ಟಿಗೆಯಿಂದ ತೆಗೆಯುವಂತಿಲ್ಲ, ಅದಕ್ಕೆ ಅದರ ಬಟ್ಟೆಯನ್ನೇ ಮೊರದಲ್ಲಿಟ್ಟರು. ನಾನು ಬಟ್ಟೆ ಎತ್ತಿಕೊಂಡು ತೌಡು ಸುರಿದೆ. "ಇದು ನಿಮ್ದು ಸ್ವಾಮಿ, ನಂದಲ್ಲ" ಎಂದಳು ಅಂಜನಮ್ಮ ತಲೆಯೆತ್ತದೆ. ಮೊರ ಎತ್ತಿಕೊಂಡು, ಹಿಂದಕ್ಕೆ ನೋಡದೆ ಹೋದಳು. ಆಟವನ್ನು ಎಷ್ಟು ಅಚ್ಚುಕಟ್ಟಾಗಿ ಆಡುತ್ತಾಳೆ ಎಂದುಕೊಂಡೆ.

ಆಗಸ್ಟ್ 10

ಕಿಟಕಿಯಲ್ಲಿ ಲೋಟವಿಲ್ಲ. ವಾರ್ಡಿಗೆ ಹೋಗಿ ನೋಡಿದರೆ ಅಂಜನಮ್ಮನ ಮಂಚ ಖಾಲಿ. ಬೆಳಿಗ್ಗೆಯೇ ಗಾಡಿ ಕಟ್ಟಿಸಿಕೊಂಡು ಊರಿಗೆ ಹೋಗಿದ್ದಾರೆ!

"ಕೂಸನ್ನ ಬಿಟ್ಟು ಹೋದ್ರಾ?" ಎಂದೆ.

ಮಾರಕ್ಕ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು. "ಮಾರಿದ ಎಮ್ಮೆಗೆ ಹುಲ್ಲು ಹಾಕಕ್ಕೆ ಯಾರಾದ್ರೂ ಬತ್ತಾರಾ ಡಾಕ್ಟ್ರಪ್ಪ? ಕೊಂಡ್ಕೊಂಡ್ರಿ. ಇನ್ನು ನಿಮ್ಮ ಕೂಸು, ನಿಮ್ಮ ಪಾಡು."

ಊರಲ್ಲಿ ಹೀಗೆ ಕೊಂಡವರು ಕೂಸನ್ನು ಆಗಲೇ ಸಾಕುವುದಕ್ಕೆಂದು ತಾಯಿಯ ಮಡಿಲಿಗೇ ಕೊಟ್ಟುಬಿಡುತ್ತಿದ್ದರು. ಇಲ್ಲಿ ಗಾಜಿನ ಆಚೆಗೆ ಕೊಡುವಂತಿಲ್ಲ. ಹಾಗಾಗಿ ಸಾಕಲು ಕೊಡುತ್ತೇನೆಂಬ ಆ ಮಾತು ನನ್ನ ಬಾಯಿಗೆ ಬರಲೇ ಇಲ್ಲ, ಅವರು ಕೇಳಲೂ ಇಲ್ಲ. ನಾನು ಆಡಿದ್ದು ಆಟ, ಅವರು ಮಾಡಿದ್ದು ವ್ಯಾಪಾರ.

ಆಗಸ್ಟ್ 12

ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟೆ. ಡಬ್ಬಿಯ ಹಾಲಿನ ಪುಡಿಯನ್ನೂ ಕೊಟ್ಟು ನೋಡಿದೆ. ಹೊಟ್ಟೆ ಉಬ್ಬಿ ತಮಟೆಯಾಗಿದೆ, ಕೊಟ್ಟದ್ದೆಲ್ಲ ಹಸಿರಾಗಿ ವಾಪಸ್ಸು ಬರುತ್ತಿದೆ. ಹಾಲು ನಿಲ್ಲಿಸಿ ತಲೆಯ ನರಕ್ಕೆ ಸೂಜಿ ಹಾಕಿ ಗ್ಲೂಕೋಸು ಬಿಡುತ್ತಿದ್ದೇನೆ. ಹೀಗೇ ಬಹಳ ದಿನ ನಡೆಯದು.

ವಾರ್ಡಿನ ಬಾಣಂತಿಯರನ್ನು ಕೇಳಿದೆ. ಎರಡು ಕೂಸು ಮಣ್ಣಾದ ತಾಯಿಯ ಕೂಸಿಗೆ ಹಾಲು ಕೊಟ್ಟರೆ ತಮ್ಮ ಹಾಲು ಬತ್ತುತ್ತದೆಂದು ಮುಖ ತಿರುಗಿಸಿದರು. "ಅವಳ ಕೂಸಲ್ಲ, ಈಗ ನಂದು" ಎಂದು ಬಾಯಿಗೆ ಬಂತು. ಹೇಳಲಿಲ್ಲ.

ಉಸಿರು ಮರೆಯುವುದು ಹೆಚ್ಚಾಗಿದೆ. ದಾರ ನನ್ನ ಬೆರಳಿಗೇ ಸುತ್ತಿಕೊಂಡಿದ್ದೇನೆ. ಅದರ ಜೊತೆ ಮಾತಾಡುತ್ತಾ ಕೂರುತ್ತೇನೆ. ಮಾತು ನಿಲ್ಲಿಸಿದರೆ ನನಗೇ ಭಯ.

ಆಗಸ್ಟ್ 13

ಉಬ್ಬರ ಸ್ವಲ್ಪ ಇಳಿದಿದೆ. ಇನ್ನು ತಾಯಿಯ ಹಾಲೊಂದೇ ದಾರಿ. ಮಾರಕ್ಕನ ಕೈಗೆ ದಾರ ಕೊಟ್ಟು, ಅವಳ ಗಂಡನ ಸೈಕಲ್ಲು ಇಸಿದುಕೊಂಡು ರಾಜಘಟ್ಟಕ್ಕೆ ಹೋದೆ.

ಅಂಜನಮ್ಮ ಜಗುಲಿಯ ಮೇಲೆ ಕೂತಿದ್ದಳು. ಹಾಲು ಇಂಗಲೆಂದು ಎದೆಗೆ ಬಟ್ಟೆ ಬಿಗಿದಿದ್ದರು. ನನ್ನನ್ನು ನೋಡಿದ್ದೇ ಎದ್ದು ಒಳಕ್ಕೆ ಹೋದಳು.

"ಅಂಜನಮ್ಮ, ಕೂಸಿಗೆ ಹಾಲಿಲ್ಲ" ಎಂದೆ.

ಒಳಗಿನಿಂದ ಕೇಳಿಸಿತು: "ಯಾವ ಕೂಸು?"

"ಅದೇ, ನಿಮ್ಮ..." ಅನ್ನುವುದರೊಳಗೆ ಮುನಿತಾಯಮ್ಮ ಓಡಿಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಸಗಣಿ ತಟ್ಟುತ್ತಿದ್ದ ಕೈ. "ಏಯ್, ಸುಮ್ಕಿರು! ಕೇಳಿಸ್ಕೊಂಡಾನು!"

ನಾನು ಡಾಕ್ಟರಾಗಿ ಹೇಳಿದೆ. ದಿನ ತುಂಬದ ಕರುಳು, ತಾಯಿಯ ಹಾಲಿನ ಗುಣ, ಎಲ್ಲ ಹೇಳಿದೆ. ಅಂಜನಮ್ಮನ ಗಂಡ ಬೈಲಪ್ಪ ಎತ್ತಿನ ಹಗ್ಗ ಹಿಡಿದುಕೊಂಡೇ ನಿಂತು ಕೇಳಿದ. "ಸ್ವಾಮಿ, ನೀವು ಓದಿದೋರು, ಸುಳ್ಳು ಹೇಳಾಕಿಲ್ಲ. ಆದ್ರೆ ಮಾರಿದ್ದನ್ನ ವಾಪಸ್ ತಗಂಡ್ರೆ ಮನೆ ಗುರ್ತು ಹಿಡಿದುಬುಡ್ತಾನೆ. ಇವಳು ಮೂರು ದಿನದಿಂದ ಗೋಡೆ ಕಡೆ ತಿರುಕ್ಕೊಂಡು ಮಲಗವ್ಳೆ. ಅದು ಬದುಕ್ಲಿ ಅಂತ್ಲೇ ಇವಳು ಬಿಟ್ಟು ಬಂದಿರೋದು." ಎತ್ತನ್ನು ಬೈಯುತ್ತಾ ಆಚೆ ಹೋದ.

ನಾನು ಸೈಕಲ್ಲಿನ ಹತ್ತಿರ ಬಂದು ನಿಂತೆ. ಅಜ್ಜಿಯ ಕಥೆಗಳಲ್ಲಿ ಕೊಟ್ಟ ಮಾತು ಮುರಿದು ಗೆದ್ದವರು ಯಾರೂ ಇಲ್ಲ. ಮಾತಿನೊಳಗೇ ಎಲ್ಲೋ ಒಂದು ಕಿಂಡಿ ಹುಡುಕಿ ನುಸುಳುತ್ತಿದ್ದರು. ಮೊನ್ನೆ ನಾನು ಆಡದೇ ಉಳಿಸಿದ್ದ ಮಾತು ನೆನಪಾಯಿತು. ಅದನ್ನು ಮೆಲ್ಲಗೆ ಹೇಳಿದರೆ ಆಗದು, ಕೇಳಿಸಬೇಕಾದವನಿಗೂ ಕೇಳಿಸಬೇಕು. ಬೀದಿಯ ಮಧ್ಯಕ್ಕೆ ಹೋಗಿ ತಮಟೆ ಸಾರುವವನ ಹಾಗೆ ಕೂಗಿದೆ:

"ಯಾರ ಮನೇಲಾದ್ರೂ ಹಾಲಿರೋ ಹೆಂಗಸು ಇದ್ದಾಳಾ? ನನ್ನ ಕೂಸಿಗೆ ಒಬ್ಬ ಸಾಕೋ ಆಳು ಬೇಕು! ಕೂಲಿ ಕೊಡ್ತೀನಿ!"

ಬೀದಿಯವರೆಲ್ಲ ಹೊರಗೆ ಬಂದರು. ಒಬ್ಬ ಮುದುಕ, "ಯಾರಲಾ ಇವ್ನು, ಕೂಸಿಗೆ ಆಳು ಕೇಳ್ತಾವ್ನೆ, ಕುರಿ ಕಾಯಕ್ಕೆ ಕೇಳ್ದಂಗೆ" ಎಂದ. ಮೊದಲು ಅರ್ಥವಾದದ್ದು ಮುನಿತಾಯಮ್ಮನಿಗೆ. ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು.

"ಏನ್ ಕೊಡ್ತೀಯಪ್ಪ?"

"ದಿನಕ್ಕೊಂದು ಸೇರು ರಾಗಿ."

"ಬರೀ ರಾಗಿಗೆ ಯಾರು ಬತ್ತಾರೆ? ಎರಡೊತ್ತು ಊಟ?"

"ಕೊಡ್ತೀನಿ."

"ಸೀರೆ?"

"ದೊಡ್ಡಬಳ್ಳಾಪುರದಲ್ಲಿ ಸೀರೆಗೇನಮ್ಮ ಬರ!"

ಬೀದಿಗೆಲ್ಲ ಕೇಳುವಂತೆ ಮುನಿತಾಯಮ್ಮ ಹೇಳಿದಳು: "ನಮ್ಮ ಸೊಸೆ ಅವ್ಳೆ. ಕೂಸಿಲ್ಲ ಪಾಪ, ಹಾಲೈತೆ. ಕೆಲಸಕ್ಕೆ ಬತ್ತಾಳೇನೋ ಕೇಳ್ತೀನಿ ತಡಿ."

ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ. ಆಮೇಲೆ ಅಂಜನಮ್ಮ ತಲೆಮೇಲೆ ಸೆರಗು ಹೊದ್ದು ಹೊಸ್ತಿಲಲ್ಲಿ ನಿಂತಳು. "ಯಾರ ಕೂಸೋ ಏನೋ. ಕೂಲಿಗೆ ಅಂದ್ರೆ ಬತ್ತೀನಿ" ಎಂದಳು. ಎದೆಯ ಬಟ್ಟೆಯನ್ನು ಆಗಲೇ ಬಿಚ್ಚಿಬಿಟ್ಟಿದ್ದಳು.

ಆಗಸ್ಟ್ 14

ನಿಯಮ ಮುರಿದಿಲ್ಲ. ಕೆಲಸದವರು ಒಳಗೆ ಬರಬಹುದು. ಅಂಜನಮ್ಮ ನನ್ನ ಕೆಲಸದವಳು. ಮೊಣಕೈವರೆಗೆ ಕೈ ತೊಳೆಯುವುದನ್ನು ತೋರಿಸಿಕೊಟ್ಟೆ, ಗೌನು ಕೊಟ್ಟೆ.

ಪೆಟ್ಟಿಗೆಯ ಮುಂದೆ ನಿಂತು, "ಥೂ, ಏನ್ ಕೂಸೋ, ಒಣಗಿದ ಬದನೆಕಾಯಿ ಇದ್ದಂಗೈತೆ" ಎಂದಳು. ಕಿಂಡಿಯಲ್ಲಿ ಕೈ ಹಾಕಿ ಒಂದೇ ಬೆರಳಿನಿಂದ ಅದರ ಅಂಗಾಲು ಸವರಿದಳು. ನಾನು ಗೋಡೆಯಲ್ಲಿದ್ದ ಕ್ಯಾಲೆಂಡರು ನೋಡುತ್ತಾ ನಿಂತೆ.

ಲೋಟದ ತಳ ಮುಚ್ಚುವಷ್ಟು ಹಾಲು ಬಂತು. ನಾಲ್ಕು ತೊಟ್ಟು ಬಿಟ್ಟೆ. ವಾಪಸ್ಸು ಬರಲಿಲ್ಲ.

ಆಗಸ್ಟ್ 17

ಅಮಾವಾಸ್ಯೆ. ಮಗ್ಗಗಳು ಸುಮ್ಮನಿವೆ. ಉಬ್ಬರವಿಲ್ಲ. ಉಸಿರು ಕೇಳುತ್ತಾ ಕೂತಿದ್ದಾಗ ನನಗೆ ತೂಕಡಿಕೆ ಬಂತು. "ಇತ್ತ ಕೊಡಿ ಸ್ವಾಮಿ" ಎಂದಳು ಅಂಜನಮ್ಮ. ದಾರದ ತುದಿ ಅವಳ ಕೈಗೆ ಕೊಟ್ಟೆ. ಎಷ್ಟು ಮೆಲ್ಲಗೆ ಜಗ್ಗಬೇಕೆಂದು ಹೇಳಲು ಹೊರಟೆ, ಬೇಕಾಗಲಿಲ್ಲ. ಮಧ್ಯಾಹ್ನವೆಲ್ಲ ಗೋಡೆಗೊರಗಿ ನಿದ್ದೆ ಮಾಡಿದೆ. ಕೈ ಮಾತ್ರ ಖಾಲಿ ಖಾಲಿ ಎನ್ನಿಸುತ್ತಿದೆ.

ಆಗಸ್ಟ್ 27

ದಯಾಮಣಿ ಡಾಕ್ಟರು ಬಂದರು. ಅವರ ಅಕ್ಕ ಉಳಿಯಲಿಲ್ಲ. ಬಿಳಿ ಸೀರೆ ಉಟ್ಟುಕೊಂಡೇ ನೇರವಾಗಿ ಕೋಣೆಗೆ ಬಂದವರು ಬಾಗಿಲಲ್ಲೇ ನಿಂತರು.

"ಇವರು ಯಾರು?"

"ಕೂಸಿನ ಆಯಾ ಡಾಕ್ಟರ್."

"ಕೂಸಿನ ತಾಯಿ ಎಲ್ಲಿ?"

ಅಂಜನಮ್ಮ ನನ್ನ ಮುಖ ನೋಡಿದಳು. "ತಾಯಿ ಇಲ್ಲ ಡಾಕ್ಟರ್. ಕೂಸು ನಂದು. ಕೊಂಡ್ಕೊಂಡಿದ್ದೀನಿ" ಎಂದೆ.

ನನ್ನನ್ನು ಹೊರಗೆ ಕರೆದರು. ಎಲ್ಲವನ್ನೂ ಹೇಳಿದೆ. ಬಸ್ ಸ್ಟ್ಯಾಂಡಿನ ದಾರಿ ಕಣ್ಣಮುಂದೆ ಬಂದಿತ್ತು. ಅವರು ಕೈ ತೊಳೆದು, ಗೌನು ತೊಟ್ಟು, ನನ್ನ ಸ್ಟೂಲಿನ ಮೇಲೆ ಕೂತರು. ಕೈ ಕಟ್ಟಿಕೊಂಡು ನೋಡಿದರು. ಕೂಸನ್ನು ನೋಡಿದರು, ಅಂಜನಮ್ಮ ದಾರ ಹಿಡಿದು ಕೂತ ರೀತಿಯನ್ನು ನೋಡಿದರು. ಗಂಟೆಯ ಮೇಲೆಯೇ ಆಗಿರಬೇಕು. ಕಡೆಗೆ ನಾನೇ ಧೈರ್ಯ ಮಾಡಿ, "ಏನು ನೋಡಿದ್ರಿ ಡಾಕ್ಟರ್?" ಎಂದೆ.

"ಕೈ ಚೆನ್ನಾಗಿ ತೊಳೀತಾರೆ" ಎಂದು ಎದ್ದು ಹೋದರು.

ಸೆಪ್ಟೆಂಬರ್ 11

ನನ್ನ ಕೂಸು ಇವತ್ತು ಕೊಳವೆಯಿಲ್ಲದೆ ಹಾಲು ಕುಡಿಯಿತು. ನುಂಗುವುದು, ಉಸಿರಾಡುವುದು, ಎರಡನ್ನೂ ಒಟ್ಟಿಗೆ ಮಾಡಲು ಕಲಿತಿದೆ. ಕುಡಿದ ಮೇಲೆ ಏಳು ಮೀನಿನ ರಾಜಕುಮಾರಿಯ ಕಥೆ ಹೇಳಿದೆ. ಅಂಜನಮ್ಮನೂ ಮಾರಕ್ಕನೂ ಕೇಳಿದರು. ಆಮೇಲೇನಾಯ್ತು ಎಂದು ಮಾರಕ್ಕ ಕೇಳಿದಾಗ ಬಾಗಿಲಲ್ಲಿ ದಯಾಮಣಿ ಡಾಕ್ಟರೂ ನಿಂತಿದ್ದರು.

ಪರದೆ ಒಗೆಯಲು ಕೊಟ್ಟಿದ್ದೆ, ಇನ್ನೂ ಬಂದಿಲ್ಲ. ಯಾರೂ ಕೇಳಿಲ್ಲ.

ಅಕ್ಟೋಬರ್ 6

ಕೂಸು ಹೊರಟಿತು. ಈಗ ಎರಡು ಕಿಲೋಗೆ ಸ್ವಲ್ಪ ಕಡಿಮೆ.

ಆಸ್ಪತ್ರೆಯ ಮುಂದೆ ಗಾಡಿ ನಿಂತಿತ್ತು. ಬೈಲಪ್ಪ ಹೊಸ ಹುಲ್ಲು ಹಾಸಿದ್ದ. ಯಾರೂ ನಗುವಂತಿಲ್ಲ, ಸಂತೋಷ ತೋರಿಸುವಂತಿಲ್ಲ, ಜವರಾಯ ಎಲ್ಲಿದ್ದಾನೋ. ಮುನಿತಾಯಮ್ಮ ಕೂಸನ್ನು ಬೈಯುತ್ತಲೇ ಇದ್ದಳು. "ಏನ್ ಕರಿ ಮುಸುಡಿ, ಯಾವಳು ಹೆತ್ತಳೋ! ಕೂಲಿ ಆಸೆಗೆ ಇದನ್ನ ಸಾಕ್ಬೇಕಾಯ್ತು." ಆಮೇಲೆ ನನ್ನ ಕಡೆ ತಿರುಗಿ, "ಹೆಸ್ರು ಹೇಳಪ್ಪ. ಕೂಸಿನೋನು ನೀನು" ಎಂದಳು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ಸಪ್ಪಲಮ್ಮ" ಎಂದುಬಿಟ್ಟೆ.

ಆಮೇಲೆ ಕೊಂಡವನು ಹೇಳಬೇಕಾದ ಮಾತು. ಮುದುಕಿ ಮೊದಲೇ ಕಲಿಸಿದ್ದಳು. ಕೂಸನ್ನು ಅಂಜನಮ್ಮನ ಮಡಿಲಿಗೆ ಹಾಕಿ ಗಟ್ಟಿಯಾಗಿ ಹೇಳಬೇಕು. "ಇದು ನನ್ನ ಕೂಸು. ಸಾಕಕ್ಕೆ ಕೊಡ್ತಾ ಇದ್ದೀನಿ. ಬೆಳೆದ ಮೇಲೆ..." ಎಂದೆ. ಮುಂದಿನ ಮಾತು ಮರೆತುಹೋಯಿತು. ಅಷ್ಟು ಕಥೆ ಹೇಳುವವನಿಗೆ ಒಂದು ಸಾಲು ಮರೆಯುವುದೆಂದರೆ! ಬಿಸಿಲು ಜೋರಾಗಿತ್ತು.

"ಬೆಳೆದ ಮೇಲೆ ನಂಗೆ ವಾಪಸ್ ಕೊಡು, ಅನ್ನಪ್ಪ" ಎಂದು ಮುನಿತಾಯಮ್ಮ ಪಿಸುಗುಟ್ಟಿದಳು.

"ವಾಪಸ್ ಕೊಡು" ಎಂದೆ.

"ಹೂಂ ಸ್ವಾಮಿ. ನಿಮ್ಮ ಕೂಸು" ಎಂದಳು ಅಂಜನಮ್ಮ. ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಗಾಡಿ ಹೊರಟಿತು.

ಅಕ್ಟೋಬರ್ 7

ಎರಡನೇ ಪೆಟ್ಟಿಗೆ ಬಿಚ್ಚಿ ತೊಳೆದೆ. ಬಲ್ಬುಗಳನ್ನು ಒರೆಸಿದೆ. ದಾರ ಸುತ್ತಿ ಇಟ್ಟೆ. ಏನೂ ತೊಂದರೆಯಿಲ್ಲ.

ಅಕ್ಟೋಬರ್ 8

ಮತ್ತೆ ತೊಳೆದೆ.

ಜನವರಿ 19, 1975

ಭಾನುವಾರ. ಬಾಗಿಲು ತಟ್ಟಿದ ಸದ್ದು. ಮುನಿತಾಯಮ್ಮ ಒಂದು ತಪ್ಪಲೆ ಹಿಡಿದು ನಿಂತಿದ್ದಳು. "ನೀನ್ ಕೊಟ್ಟ ತೌಡು ತಿಂದ ಹಸು ಈದೈತೆ. ಗಿಣ್ಣು ತಂದಿವ್ನಿ, ತಿನ್ನು. ನಿನ್ನ ಮಗಳು ರಾತ್ರಿ ಎಲ್ಲ ಅತ್ತು ಬೀದೀನೇ ಎಬ್ಬಿಸ್ತಾಳೆ. ಕೂಲಿ ಸಾಲ್ದು, ಜಾಸ್ತಿ ಮಾಡು."

"ಎಷ್ಟು ಜಾಸ್ತಿ ಮಾಡ್ಲಮ್ಮ?"

"ಬಂದು ನೋಡ್ಕೊಂಡು ಹೋಗು, ಆಮೇಲೆ ಮಾತಾಡಣ. ಸಾಕೋಕೆ ಬಿಟ್ಟೋನು ಒಂದ್ಸಲನಾದ್ರೂ ಬರ್ಬೇಕಲ್ವಾ? ಏನ್ ಮನುಷ್ಯನೋ!"

ಹೊಸದಾಗಿ ಈದ ಹಸುವಿನ ಮೊದಲ ಹಾಲಿನ ಗಿಣ್ಣು, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ್ದು. ಒಬ್ಬನಿಗೆ ಹೆಚ್ಚಾಯಿತು. ಅರ್ಧವನ್ನು ದಯಾಮಣಿ ಡಾಕ್ಟರ ಮನೆಗೆ ತೆಗೆದುಕೊಂಡು ಹೋದೆ. ಅವರೂ ಒಬ್ಬರೇ ಕೂತಿದ್ದರು. ಇನ್ನೊಂದು ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ಕೆಳಗಿಟ್ಟರು.

ಫೆಬ್ರವರಿ 12

ದೇವನಹಳ್ಳಿ ಕಡೆಯಿಂದ ಒಂದು ಕೂಸು ಬಂದಿದೆ. ಗಂಡು. ಸಪ್ಪಲಮ್ಮನಿಗಿಂತಲೂ ಚಿಕ್ಕದು. ಬೆಳಿಗ್ಗೆ ಸ್ಟೂಲಿನ ಮೇಲೆ ಕೂತೆ. ದಾರ ಕೈಯಲ್ಲಿತ್ತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ಹಿಂದಿನಿಂದ ದಯಾಮಣಿ ಡಾಕ್ಟರು ಕೇಳಿದರು: "ಏನು ನೋಡಿದ್ರಿ?"

"ಉಸಿರು ಎರಡು ಸಲ ಮರೀತು, ತಾನೇ ನೆನಪು ಮಾಡ್ಕೊಂತು. ಎಡಗಾಲು ಬಲಗಾಲಿಗಿಂತ ತಣ್ಣಗಿದೆ, ಬಲ್ಬು ಸರಿಸಿದೆ. ಸಂಜೆಗೆ ಕಾಮಾಲೆ ಕಾಣಬಹುದು." ಅಲ್ಲಿಗೆ ನಿಲ್ಲಿಸಬೇಕಿತ್ತು. "ಆಮೇಲೆ... ಕೂಸು ಅತ್ತಾಗಲೆಲ್ಲ ಗಾಜಿನ ಆಚೆ ನಿಂತಿರೋ ತಾಯಿ ರವಿಕೆ ಒದ್ದೆ ಆಗ್ತಿದೆ."

ಅವರು ಗಾಜಿನ ಕಡೆ ನೋಡಿದರು. ಆಚೆ ಒಬ್ಬ ಹುಡುಗಿ, ಸೆರಗನ್ನು ಎದೆಗೆ ಒತ್ತಿಕೊಂಡು, ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದಳು.

"ನೋಡಿದ್ದಾಯ್ತಲ್ಲ" ಎಂದರು ಡಾಕ್ಟರು. "ಮತ್ತೆ ಯಾಕೆ ಕೂತೇ ಇದ್ದೀರಿ?"

ಎದ್ದೆ. ತೌಡಿರಲಿಲ್ಲ. ಬಾಗಿಲು ತೆಗೆದು, "ಕೈ ತೊಳ್ಕೊಂಡು ಒಳಗೆ ಬಾರಮ್ಮ" ಎಂದೆ.